ಹಾಲಿಟ್ಟವರ ನಿಯಮ

ಮನೆಯ ಮುಂದಿನ ಕೋಣೆಯಲ್ಲಿ ಸೊಸೆ ಆಟಗಳ ಅಂಗಡಿ ಇಟ್ಟಿದ್ದಳು. ಅಂಗಡಿ ಎಂದ ಕೂಡಲೇ ಬೋರ್ಡು, ಷಟರ್ರು, ಗಲ್ಲಾಪೆಟ್ಟಿಗೆ ಅಂತೆಲ್ಲ ಹುಡುಕಬೇಡಿ, ವ್ಯಾಪಾರವೆಲ್ಲ ಆನ್‌ಲೈನಿನಲ್ಲಿ. ಕೋಣೆಯಲ್ಲಿ ಇದ್ದದ್ದು ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಮತ್ತು ಟೇಪಿನ ತುದಿ ಎಲ್ಲಿದೆಯೆಂದು ಉಗುರಿನಲ್ಲಿ ಕೆರೆಯುತ್ತ ಅರ್ಧ ಆಯುಷ್ಯ ಕಳೆದ ಗಂಡ. ಮಾರುತ್ತಿದ್ದದ್ದು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕಾಯಿ ನಡೆಸಿ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಆಡುವ ಆಟಗಳನ್ನು. ಹೆಚ್ಚಿನವು ಬೇರೆಯವರು ತಯಾರಿಸಿದವು. ನಮ್ಮದು ಎಂದು ಎದೆ ತಟ್ಟಿ ಹೇಳಿಕೊಳ್ಳುವ ಆಟ ಒಂದೇ ಒಂದು, ಅದರ ಹೆಸರು 'ಮಹಡಿ'.

ಮಹಡಿ ಆಟ ಮಾವನದು. ಮಕ್ಕಳು ಚಿಕ್ಕವರಿದ್ದಾಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಮನೆಯ ಚಿತ್ರ ಗೀಚಿ ಮಾಡಿದ್ದು. ಗೇಟಿನಿಂದ ಹೊರಟ ಕಾಯಿ ಹಜಾರ, ಅಡುಗೆಮನೆ, ಮೆಟ್ಟಿಲು ದಾಟಿ ಮಹಡಿ ಸೇರಬೇಕು. ಮೊದಲು ಸೇರಿದವರು ಗೆದ್ದಂತೆ. ಅಷ್ಟೇ. ಮಾವ ಫುಟ್‌ಬಾಲ್ ರೆಫ್ರಿಯಾಗಿದ್ದವರು. ಮೈದಾನದಲ್ಲಿ ಅವರು ಶಿಳ್ಳೆ ಊದಿದರೆ ಎಂಥ ಆಟಗಾರನೂ ಗಕ್ಕನೆ ನಿಲ್ಲುತ್ತಿದ್ದ. ಮನೆಯೊಳಗೆ ಮಾತ್ರ ಆ ಶಿಳ್ಳೆ ಬೀರುವಿನಲ್ಲಿ ಭದ್ರವಾಗಿತ್ತು, ಏಕೆಂದರೆ ಮನೆಯೊಳಗೆ ಅತ್ತೆ ಇದ್ದರು. ಹಾಗಾಗಿ ಭಾನುವಾರದ ಆಟದೊಳಗೆ ಕಾಲಕ್ರಮೇಣ ಏನೇನೋ ಸೇರಿಕೊಂಡು, ಯಾವುದು ನಿಯಮ, ಯಾವುದು ಅಭ್ಯಾಸ, ಯಾವುದು ಶುದ್ಧ ದಬ್ಬಾಳಿಕೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಗಡಿ ನಡೆಯುತ್ತಿತ್ತು, ಓಡುತ್ತಿರಲಿಲ್ಲ. ಗಂಡನ ಅಣ್ಣ, ಅಂದರೆ ಭಾವನಿಗೆ, ಇದು ನೋಡಲಾಗುತ್ತಿರಲಿಲ್ಲ. ಅವರದು ಪೇಟೆಯಲ್ಲಿ ನಲ್ಲಿ, ಪೈಪುಗಳ ಅಂಗಡಿ. ಕೆಟ್ಟವರಲ್ಲ ಪಾಪ. ಆದರೆ ಇನ್ನೊಬ್ಬರಿಗೆ ಒಳ್ಳೆಯದು ಮಾಡಿಯೇ ತೀರಬೇಕೆಂಬ ಹಟ ಹಿಡಿದವರ ಕೈಗೆ ಸಿಕ್ಕವರ ಪಾಡು ದೇವರಿಗೇ ಪ್ರೀತಿ. ತಮ್ಮನ ಹೆಂಡತಿ ಬಂದು ಬಿಲ್ಲು ಬರೆಯಲಿ ಎಂದು ಅವರು ತಮ್ಮ ಅಂಗಡಿಯಲ್ಲಿ ಒಂದು ತಿರುಗುವ ಕುರ್ಚಿ ತಂದಿಟ್ಟಿದ್ದರು. ಮನೆಗೆ ಬಂದಾಗಲೆಲ್ಲ ಅದರ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ ಎಂದು ನೆನಪಿಸುತ್ತಿದ್ದರು. ಈ ಕಾಟಕ್ಕೆ ರೋಸಿಹೋಗಿ ಸೊಸೆ ಒಂದು ದಿನ, ವರ್ಷ ಮುಗಿಯುವುದರೊಳಗೆ ಅಂಗಡಿ ಕಾಲೂರದಿದ್ದರೆ ಬಾಗಿಲು ಹಾಕಿ ಬಂದು ಕುರ್ಚಿಯ ಮೇಲೆ ಕೂರುತ್ತೇನೆ ಎಂದುಬಿಟ್ಟಳು. ಅದೂ ಅತ್ತೆಯ ಎದುರಿಗೆ. ಆ ಮನೆಯಲ್ಲಿ ಅತ್ತೆಯ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ಇನ್ನೂ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಜರ್ಮನ್ ಮಾತಾಡುವ ಗಿರಾಕಿಯೊಬ್ಬ ಎಲ್ಲಿಂದಲೋ ಅಂಗಡಿಯ ಪುಟಕ್ಕೆ ಬಂದು ಒಂದು ಮಹಡಿ ತರಿಸಿಕೊಂಡು, ಬಹಳ ಚೆನ್ನಾಗಿದೆ, ಆದರೆ ನಿಯಮದ ಚೀಟಿ ಓದಲಾಗಲಿಲ್ಲ ಎಂದು ಬರೆದ. ಸೊಸೆಯ ಕಿವಿ ನೆಟ್ಟಗಾಯಿತು. ಆ ಭಾಷೆಯವರು ಒಂದೇ ದೇಶದಲ್ಲಿಲ್ಲ, ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಆಡುವ ಅಭ್ಯಾಸ ಅವರಿಗೆ ಇದೆಯಂತೆ ಎಂದು ಅವಳು ಅಲ್ಲಿ ಇಲ್ಲಿ ವಿಚಾರಿಸಿ ತಿಳಿದುಕೊಂಡಳು. ಅಂಗಡಿಯ ಪುಟವನ್ನೆಲ್ಲ ಜರ್ಮನ್ ಭಾಷೆಗೆ ತಿರುಗಿಸುವುದೆಂದು ಆಯಿತು. ಅದಕ್ಕೊಬ್ಬ ಭಾಷಾಂತರದಾಕೆ ಸಿಕ್ಕಳು. ಆ ಕಡೆಯೇ ಬಹಳ ಕಾಲ ಇದ್ದು ಬಂದವಳು. ಕೆಲಸದಲ್ಲಿ ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ.

ಮಹಡಿಯ ನಿಯಮದ ಚೀಟಿ ನೋಡಿ ಆಕೆ ಮುಖ ಗಂಟಿಕ್ಕಿದಳು. ಅಂಗೈಯಗಲದ ಚೀಟಿ, ಇಷ್ಟು ಕೊಟ್ಟರೆ ಅಲ್ಲಿನವರು ಪ್ರಶ್ನೆ ಕೇಳಿ ಕೇಳಿ ಜೀವ ತಿನ್ನುತ್ತಾರೆ, ನೀವು ನಿಜವಾಗಿ ಹೇಗೆ ಆಡುತ್ತೀರೋ ಅದನ್ನು ತೋರಿಸಿ ಅಂದಳು. ಕೂತು ಬರೆಯಲು ಯಾರಿಗೆ ಪುರುಸೊತ್ತು? ಗಂಡ ಭಾನುವಾರದ ಆಟದ ಹೊತ್ತಿಗೆ ಫೋನನ್ನು ಕಪಾಟಿನ ಮೇಲೆ ಒರಗಿಸಿ ವಿಡಿಯೋಗೆ ಇಟ್ಟ. ಅಡುಗೆಮನೆಯ ಬಾಗಿಲಿನಿಂದ ಮೇಜಿನವರೆಗೆ ಎಲ್ಲ ಕಾಣುತ್ತಿತ್ತು. ಒಂದು ಸುತ್ತು ಆಗುವುದರೊಳಗೆ ಅಲ್ಲೊಂದು ಫೋನಿದೆ ಎಂಬುದನ್ನೇ ಎಲ್ಲರೂ ಮರೆತರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಸೊಸೆ ಮದುವೆಯಾಗಿ ಬಂದ ಮೊದಲ ಭಾನುವಾರವೇ ಮಹಡಿ ಆಡಿ ಗೆದ್ದುಬಿಟ್ಟಿದ್ದಳು. ಅತ್ತೆ ತುಟಿ ಪಿಟಕ್ಕೆನ್ನದೆ ಎದ್ದು ಹೋದವರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹೊಸ ಮನೆ, ಹೊಸ ಜನ. ಹುಡುಗಿಯ ಜೀವ ಹೋಗಿ ಜೀವ ಬಂತು. ಅವತ್ತಿನಿಂದ ಅವಳು ಗೆದ್ದದ್ದಿಲ್ಲ. ಆಟದ ನಡುವೆ ಅತ್ತೆ ಒಲೆಯ ಮೇಲಿಟ್ಟ ಹಾಲು ನೋಡಲು ಎದ್ದು ಹೋಗುತ್ತಿದ್ದರು. ಅವರು ಬರುವವರೆಗೆ ಯಾರೂ ದಾಳ ಮುಟ್ಟುವಂತಿಲ್ಲ. ಮಾವ ಪೇಪರು ತಿರುವುತ್ತಿದ್ದರು, ಗಂಡ ಕಿಟಕಿ ನೋಡುತ್ತಿದ್ದ. ಆ ಹೊತ್ತಿಗೆ ಸೊಸೆಯ ಕೈ ಮೆಲ್ಲಗೆ ಮುಂದೆ ಬಂದು, ಮಹಡಿಯ ಹೊಸ್ತಿಲಿನಲ್ಲಿದ್ದ ತನ್ನ ಕಾಯಿಯನ್ನು ನಾಲ್ಕಾರು ಮೆಟ್ಟಿಲು ಹಿಂದಕ್ಕೆ ಇಡುತ್ತಿತ್ತು. ವರ್ಷಗಟ್ಟಲೆ ಮಾಡಿ ಮಾಡಿ ಅದು ಅವಳಿಗೆ ಉಸಿರಾಟದಷ್ಟೇ ಸಹಜವಾಗಿಹೋಗಿತ್ತು. ಕಪಾಟಿನ ಮೇಲೆ ಫೋನು ಇದ್ದ ಭಾನುವಾರವೂ ಕೈ ಮುಂದೆ ಬಂತು.

ಜರ್ಮನ್ ಪುಸ್ತಿಕೆ ಅಚ್ಚಾಗಿ ಬಂತು. ಮನೆಯಲ್ಲಿ ಯಾರಿಗೂ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೂ ದಪ್ಪಗಿದೆಯಲ್ಲ ಎಂದು ಎಲ್ಲರಿಗೂ ಖುಷಿಯಾಯಿತು. ಪೆಟ್ಟಿಗೆಗಳು ಹೋದವು. ಆಮೇಲೆ ಶುರುವಾಯಿತು ನೋಡಿ. ಹಾಲಿನ ಪಾತ್ರೆ ಎಷ್ಟು ದೊಡ್ಡದಿರಬೇಕು ಎಂದು ಒಬ್ಬರು ಬರೆದರು. ಸೋಯಾ ಹಾಲು ನಡೆಯುತ್ತದೆಯೇ ಎಂದು ಇನ್ನೊಬ್ಬರು. ಸೋತವನು ಮೂತಿ ಊದಿಸಿಕೊಂಡರೆ ಇನ್ನೊಂದು ಸರದಿ ಉಂಟು ಸರಿ, ಆದರೆ ಇಬ್ಬರು ಒಟ್ಟಿಗೆ ಊದಿಸಿಕೊಂಡರೆ ಯಾರದು ಮೊದಲು ಎಂದು ಮತ್ತೊಬ್ಬರು. ಸೊಸೆ ಕೂಡಲೇ ಭಾಷಾಂತರದಾಕೆಗೆ ಫೋನು ಮಾಡಿ ಪುಸ್ತಿಕೆಯನ್ನು ಓದಿಸಿದಳು. ಹಿರಿಯ ಗಂಡಸು ದಾಳ ಹಾಕುವ ಮೊದಲು ಕೆಮ್ಮತಕ್ಕದ್ದು. ಹಿರಿಯ ಹೆಂಗಸಿನ ದಾಳ ನೆಲಕ್ಕೆ ಬಿದ್ದರೆ ಅದು ಆರು ಎಂದೇ ಲೆಕ್ಕ. ಅಷ್ಟು ಕೇಳುವುದರೊಳಗೆ ಸಾಕು ಸಾಕು ಎಂದು ಸೊಸೆ ಕಿವಿ ಮುಚ್ಚಿಕೊಂಡಳು. ಮುಂದೆ ಏನಿತ್ತೋ ಕೇಳಲಿಲ್ಲ, ಕೇಳಿದ್ದರೆ ಅವತ್ತೇ ಪೆಟ್ಟಿಗೆಗಳನ್ನೆಲ್ಲ ಬಾವಿಗೆ ಎಸೆಯುತ್ತಿದ್ದಳು.

ತಾನು ಕಂಡದ್ದನ್ನೆಲ್ಲ ಬರೆದಿದ್ದೇನೆ, ಒಂದನ್ನೂ ಬಿಟ್ಟಿಲ್ಲ ಎಂದು ಭಾಷಾಂತರದಾಕೆ ಹೆಮ್ಮೆಯಿಂದಲೇ ಹೇಳಿದಳು. ಜೊತೆಗೆ ಇನ್ನೊಂದು ಸುದ್ದಿ ಕೊಟ್ಟಳು. ಅಲ್ಲಿನ ದೊಡ್ಡ ಸಗಟು ವ್ಯಾಪಾರಿಯೊಬ್ಬನಿಗೆ ಈ ಆಟ ಹಿಡಿಸಿದೆ. ತನ್ನ ಜನರಿಂದ ಪುಸ್ತಿಕೆಯ ಪ್ರಕಾರ ಆಡಿಸಿ ನೋಡುತ್ತಾನೆ, ನೀವೂ ವಿಡಿಯೋದಲ್ಲಿ ಕೂತು ನೋಡಬೇಕು, ಒಪ್ಪಿಗೆಯಾದರೆ ಎಲ್ಲ ಅಂಗಡಿಗಳಿಗೂ ಅವನೇ ತರಿಸಿಕೊಳ್ಳುತ್ತಾನೆ. ವರ್ಷ ಮುಗಿಯುತ್ತ ಬಂದಿತ್ತು. ಇದು ಕೈಗೂಡಿದರೆ ಅಂಗಡಿ ಉಳಿಯಿತು, ಇಲ್ಲದಿದ್ದರೆ ನಲ್ಲಿ, ಪೈಪು.

ಆ ದಿನ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಪೆಟ್ಟಿಗೆಗಳ ನಡುವೆ ಕಂಪ್ಯೂಟರಿನ ಮುಂದೆ ಕೂತರು. ಭಾವನೂ ಬಂದಿದ್ದರು, ಯಾರೂ ಕರೆದಿರಲಿಲ್ಲ. ಪರದೆಯ ಒಂದು ಮೂಲೆಯಲ್ಲಿ ಭಾಷಾಂತರದಾಕೆ. ಉಳಿದ ಜಾಗದಲ್ಲಿ ಒಂದು ಆಫೀಸು, ಒಂದು ಮೇಜು, ಮೇಜಿನ ಸುತ್ತ ನಾಲ್ಕು ಜನ, ಅವರ ಹಿಂದೆ ಕೈಕಟ್ಟಿ ನಿಂತ ವ್ಯಾಪಾರಿ. ಆಟ ಶುರುವಾಯಿತು. ಗಡ್ಡದವನೊಬ್ಬ ದಾಳ ಹಿಡಿದು ಗಂಭೀರವಾಗಿ ಕೆಮ್ಮಿದ. ಪಾಪ, ಆರೋಗ್ಯ ಸರಿಯಿಲ್ಲವೇನೋ ಎಂದು ಮಾವ ಮರುಗಿದರು. ಅವನು ಆಡುತ್ತಿರುವುದು ನಿಮ್ಮ ಪಾತ್ರ, ಸುಮ್ಮನಿರಿ ಎಂದು ಅತ್ತೆ ಗದರಿದರು. ತೆಳ್ಳಗಿನ ಯುವಕನೊಬ್ಬ ಪುಸ್ತಿಕೆಯಲ್ಲಿ ಬೆರಳಿಟ್ಟು ಓದಿಕೊಂಡು, ಆಮೇಲೆ ಕೆನ್ನೆ ಉಬ್ಬಿಸಿ ಮೂತಿ ಊದಿಸಿದ. ಭಾವ ಬಿದ್ದು ಬಿದ್ದು ನಕ್ಕರು. ಗಂಡ ನಗಲಿಲ್ಲ.

ಅಷ್ಟು ಹೊತ್ತಿಗೆ ಬೆಳ್ಳಗಿನ ಕೂದಲಿನ ಹೆಂಗಸೊಬ್ಬರು ಎದ್ದು, ಪಕ್ಕದಲ್ಲಿಟ್ಟ ಪುಟ್ಟ ಕರೆಂಟು ಒಲೆಯ ಕಡೆ ಹಾಲು ನೋಡಲು ಹೋದರು. ಮೇಜಿನ ಬಳಿ ಕನ್ನಡಕದ ಹುಡುಗಿಯೊಬ್ಬಳು ಆಚೆ ಈಚೆ ಕಳ್ಳನೋಟ ಬೀರಿದಳು. ಸೊಸೆಗೆ ಆಗ ಹೊಳೆಯಿತು. ಕಪಾಟು, ಫೋನು, ಕೈ. ಕಂಪ್ಯೂಟರಿನ ವೈರು ಕಿತ್ತುಹಾಕಲೇ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಕನ್ನಡಕದ ಹುಡುಗಿ, ಪುಸ್ತಿಕೆಯಲ್ಲಿ ಇದ್ದ ಹಾಗೆಯೇ, ಗೆಲ್ಲಲಿದ್ದ ತನ್ನ ಕಾಯಿಯನ್ನು ಮೆಲ್ಲಗೆ ಹಿಂದಕ್ಕೆ ಇಟ್ಟಳು.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಇಷ್ಟು ವರ್ಷ ಮನೆಯ ರಾಣಿಯ ಹಾಗೆ ಗೆದ್ದು, ಗೆದ್ದೆನೆಂದು ಊಟದ ಹೊತ್ತಿನವರೆಗೂ ಹೇಳಿಕೊಳ್ಳುತ್ತಿದ್ದವರಿಗೆ, ಆ ಗೆಲುವೆಲ್ಲ ಭಿಕ್ಷೆ ಎಂದು ಯಾರೋ ಕಾಣದ ದೇಶದವರು ಆಡಿ ತೋರಿಸಿದ ಹಾಗಾಯಿತಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ವ್ಯಾಪಾರಿ ಮುಂದೆ ಬಂದು ಮಾತಾಡಿದ. ಭಾಷಾಂತರದಾಕೆ ಹೇಳಿದಳು: ಹಾಲು ಅರ್ಥವಾಯಿತಂತೆ, ಮುನಿಸೂ ಅರ್ಥವಾಯಿತಂತೆ. ಗೆಲ್ಲುವ ಹೊತ್ತಿನಲ್ಲಿ ತಾನೇ ಹಿಂದಕ್ಕೆ ಹೋಗುವುದು ಮಾತ್ರ ಅರ್ಥವಾಗಲಿಲ್ಲವಂತೆ. ಕಾರಣ ಹೇಳಲಾಗದ ನಿಯಮ ಇರುವ ಆಟವನ್ನು ಅವನು ಮಾರುವುದಿಲ್ಲ. ಪುಸ್ತಿಕೆಯೇ ತಪ್ಪಾಗಿದ್ದರೆ ಮಾತುಕತೆ ಇಲ್ಲಿಗೇ ಮುಗಿಯಿತು.

ಸೊಸೆಯ ಕಣ್ಣ ಮುಂದೆ ಪ್ಲಾಸ್ಟಿಕ್ಕು ಸುತ್ತಿದ ಕುರ್ಚಿ ಒಂದು ಸುತ್ತು ತಿರುಗಿತು. ನಿಜ ಹೇಳಿದರೆ ಅಂಗಡಿ ಉಳಿಯುತ್ತದೆ, ಅತ್ತೆಯ ಮಾನ ಹೋಗುತ್ತದೆ. ಅವಳು ಹೆಚ್ಚು ಯೋಚಿಸಲಿಲ್ಲ.

"ಅದು ತಪ್ಪಾಗಿ ಅಚ್ಚಾಗಿದೆ ಅಂತ ಹೇಳಿಬಿಡಿ," ಎಂದಳು. "ಅಂಥ ನಿಯಮ ನಮ್ಮನೇಲಿ ಇಲ್ಲ."

"ಇದೆ," ಎಂದರು ಅತ್ತೆ. "ತಪ್ಪೇನಿಲ್ಲ. ಅರ್ಧ ಬರೆದಿದ್ದಾರೆ, ಅಷ್ಟೇ. ಉಳಿದರ್ಧ ನಾನು ಹೇಳ್ತೀನಿ, ಬರ್ಕೊಳ್ಳೋಕೆ ಹೇಳಿ."

ಅವರು ಕಂಪ್ಯೂಟರಿನ ಹತ್ತಿರಕ್ಕೆ ಸರಿದು, ದೂರದ ಊರಿಗೆ ಕೇಳಿಸಲೆಂದು ದನಿ ಎತ್ತರಿಸಿದರು. "ಹಾಲು ಇಳಿಸೋಕೆ ಅಷ್ಟು ಹೊತ್ತು ಬೇಡ. ಇಳಿಸಿ, ಬಾಗಿಲ ಹಿಂದೆ ನಿಂತಿರ್ತೀನಿ. ಈ ಹುಡುಗಿ ಯಾರೂ ನೋಡದೇ ಇದ್ದಾಗ ಕಾಯಿ ಮುಂದಕ್ಕೆ ಇಟ್ಕೊಂಡು ಒಂದ್ಸಲನಾದ್ರೂ ಗೆಲ್ಲಲಿ ಅಂತ. ಇವಳೋ, ಪ್ರತಿ ವಾರ ಹಿಂದಕ್ಕೆ ಇಡ್ತಾಳೆ. ನಾನೂ ಪ್ರತಿ ವಾರ ನಿಂತು ನೋಡ್ತೀನಿ."

ಸೊಸೆ ಬೆಪ್ಪಾಗಿ ಅವರ ಕಡೆ ತಿರುಗಿದಳು. ಮದುವೆಯಾಗಿ ಬಂದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ ಮಾತು ಹೊರಗೆ ಬಿತ್ತು. "ಮತ್ತೆ ಮೊದಲನೇ ಸಲ ನಾನು ಗೆದ್ದಾಗ ನೀವು ಎರಡು ದಿನ ಮಾತೇ ಆಡ್ಲಿಲ್ವಲ್ಲ ಅತ್ತೆ?"

"ಅವತ್ತು ನನಗೆ ಹಲ್ಲುನೋವು ಕಣೇ."

ಹೌದು ಹೌದು, ದವಡೆ ಹಲ್ಲು, ಮೂರನೇ ದಿನ ಕೀಳಿಸಿದ್ದು ನಾನೇ ಕರೆದುಕೊಂಡು ಹೋಗಿ ಎಂದು ಮಾವ ಸಾಕ್ಷಿ ನುಡಿದರು. ಇದನ್ನೂ ಹೇಳಬೇಕೇ ಎಂದು ಭಾಷಾಂತರದಾಕೆ ಕೇಳಿದಳು. ಎಲ್ಲವನ್ನೂ ಹೇಳಿ ಎಂದರು ಅತ್ತೆ. ಆಕೆ ಎಲ್ಲವನ್ನೂ ಹೇಳಿದಳು, ಹಲ್ಲನ್ನೂ ಬಿಡಲಿಲ್ಲ. ಬೆಳ್ಳಗಿನ ಕೂದಲಿನ ಹೆಂಗಸು ಒಲೆಯ ಪಕ್ಕದಲ್ಲೇ ನಿಂತು ಮೂಗು ಒರೆಸಿಕೊಂಡು ಏನೋ ಅಂದರು. ಅವರಿಗೂ ಒಬ್ಬ ಸೊಸೆ ಇದ್ದಾಳಂತೆ, ಅವಳಿಗೆ ಕಳಿಸಲು ಒಂದು ಪೆಟ್ಟಿಗೆ ಬೇಕಂತೆ ಎಂದು ಭಾಷಾಂತರದಾಕೆ ಹೇಳುತ್ತಿರುವಾಗಲೇ ಅವರ ಬೆನ್ನ ಹಿಂದೆ ಹಾಲು ಉಕ್ಕಿ ಆಫೀಸಿನ ನೆಲದ ತುಂಬ ಹರಿಯಿತು. ವ್ಯಾಪಾರಿ ಒರೆಸುವ ಬಟ್ಟೆ ಹುಡುಕಿಕೊಂಡು ಓಡಿದ. ಓಡುತ್ತಲೇ ಕೂಗಿ ಹೇಳಿದ: ಉಳಿದರ್ಧವನ್ನೂ ಅಚ್ಚು ಹಾಕಿಸಿದರೆ ಆಟ ತೆಗೆದುಕೊಳ್ಳುತ್ತೇನೆ.

ಮಾರನೆಯ ದಿನ ಭಾವ ಕುರ್ಚಿಯನ್ನು ತಾವೇ ಹೊತ್ತು ತಂದು ಆಟದ ಅಂಗಡಿಯಲ್ಲಿ ಇಳಿಸಿ, ಇನ್ನು ಇಲ್ಲೇ ಬೇಕಾಗುತ್ತದಲ್ಲ ಎಂದು ಗೊಣಗಿದರು. ಸೊಸೆ ಕೂರುವ ಮೊದಲೇ ಅತ್ತೆ ಪ್ಲಾಸ್ಟಿಕ್ಕು ಹರಿದು ಕೂತು, ಒಂದು ಸುತ್ತು ತಿರುಗಿ ನೋಡಿ, ಪರವಾಗಿಲ್ಲ ಎಂದರು. ಆಮೇಲೆ ಟೇಪು ಹಚ್ಚುವ ಕೆಲಸವನ್ನು ಮಗನ ಕೈಯಿಂದ ಕಿತ್ತುಕೊಂಡರು.

ಭಾನುವಾರ ಮತ್ತೆ ಮೇಜು ಸೇರಿದರು. ಈ ಸಲ ಯಾರೂ ಯಾರಿಗೂ ಬಿಟ್ಟುಕೊಡುವಂತಿಲ್ಲ ಎಂದು ಮಾವ ಬೀರುವಿನಿಂದ ಶಿಳ್ಳೆ ತಂದು ಕೊರಳಿಗೆ ಹಾಕಿಕೊಂಡಿದ್ದರು. ಅತ್ತೆಯ ದಾಳ ನೆಲಕ್ಕೆ ಬಿತ್ತು, ಆರೆಂದು ಲೆಕ್ಕವಾಯಿತು, ಶಿಳ್ಳೆ ಊದಲಿಲ್ಲ. ಸೊಸೆಯ ಕಾಯಿ ಕೊನೆಯ ಮೆಟ್ಟಿಲಿಗೆ ಬಂತು. ಅತ್ತೆ ಹಾಲು ನೋಡಿ ಬರುತ್ತೇನೆಂದು ಎದ್ದರು. ಮಾವ ಪೇಪರು ತೆಗೆದರು, ಗಂಡ ಕಿಟಕಿಯ ಕಡೆ ತಿರುಗಿದ. ಅಡುಗೆಮನೆಯಲ್ಲಿ ಪಾತ್ರೆ ಇಳಿಸಿದ ಸದ್ದಾಯಿತು, ಆಮೇಲೆ ಏನೂ ಕೇಳಿಸಲಿಲ್ಲ. ಎಲ್ಲ ಗೊತ್ತಿದ್ದರೂ ಅಭ್ಯಾಸಬಲ ಬಿಡಬೇಕಲ್ಲ, ಸೊಸೆಯ ಬೆರಳು ಕಾಯಿಯನ್ನು ಹಿಡಿದು ಒಂದು ಮೆಟ್ಟಿಲು ಹಿಂದಕ್ಕೆ ಎಳೆಯಿತು.

"ಮುಂದಕ್ಕೆ ಇಡೇ," ಎಂದಿತು ಬಾಗಿಲ ಹಿಂದಿನ ದನಿ. "ಎಷ್ಟು ಹೊತ್ತು ಅಂತ ನಿಂತಿರ್ಲಿ? ಕಾಲು ನೋಯುತ್ತೆ."

ಸೊಸೆಯ ಕಣ್ಣು ಮಂಜಾಗಿ ಮೆಟ್ಟಿಲು ಸರಿಯಾಗಿ ಕಾಣಲಿಲ್ಲ. ಅಂದಾಜಿನ ಮೇಲೆ ಕಾಯಿಯನ್ನು ಎತ್ತಿ ಮಹಡಿಯ ಮೇಲೆ ಇಟ್ಟಳು.