ಮೂವತ್ತೆರಡನೆಯ ಅಕ್ಷರ

"ಅಕ್ಕಾರ, ನಮ್ಮ ಹುಡುಗಿ ನಿಮ್ಮ ತುಳು ಮಾತಾಡ್ತಾಳ್ರೀ," ಎಂದರು ಸಂಗಮೇಶ, ಸೋಫಾದ ಅಂಚಿಗೆ ಜರುಗುತ್ತ. ಮಗಳ ಮದುವೆಯ ಪತ್ರಿಕೆ ಆಗಲೇ ಟೀಪಾಯಿಯ ಮೇಲಿತ್ತು. ಅವರು ಬಂದದ್ದು ಅದನ್ನು ಕೊಡುವುದಕ್ಕಿಂತ ಈ ಸುದ್ದಿ ಹೇಳುವುದಕ್ಕೇ ಎನ್ನುವಂತಿತ್ತು.

ಜಯಲತಾ ಹುಬ್ಬೇರಿಸಿದರು. ದಿವಾ ಜಂಕ್ಷನ್ನಿನ ಬಳಿಯ ಚಾಳಿನಲ್ಲಿ ಹತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಈ ವಿಜಾಪುರದ ಮನೆಯವರ ಬಾಯಲ್ಲಿ ತುಳುವಿನ ಒಂದು ಮಾತೂ ಅವರು ಕೇಳಿರಲಿಲ್ಲ. "ಹೌದಾ ಅಶ್ಮಿತಾ? ಹುಡುಗ ಕುಶಲ ಮೂಡುಬಿದಿರೆಯವ ಅಂತ ಕಲಿತದ್ದಾ? ಎಲ್ಲಿ, ಒಂದು ಮಾತಾಡು ನೋಡುವ."

"ಇಲ್ಲ ಕಾಕು, ನಂಗ ಮೊದಲಿಂದ ಬರ್ತದ. ದಿಶಾದೀದಿ ಕಲಿಸಿದ್ಲು." ಅಶ್ಮಿತಾ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವಂತೆ ಹೇಳಿದಳು. "ಲೂಮ್ಸಿ ಇಫಾ?"

ಘೋಡಬಂದರ್ ರಸ್ತೆಯ ಆ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಹೊರಗಿನವರು ಯಾರಾದರೂ ದಿಶಾಳ ಹೆಸರೆತ್ತಿ ಎಷ್ಟೋ ಕಾಲವಾಗಿತ್ತು. ಆದರೆ ಜಯಲತಾರ ಮಗ ರಂಜನ್ ಬೆಚ್ಚಿದ್ದು ತಂಗಿಯ ಹೆಸರಿನಿಂದಲ್ಲ, ಆಮೇಲಿನ ಎರಡು ಶಬ್ದಗಳಿಂದ. 'ಫಾ' ಎನ್ನುವಾಗ ಈ ಹುಡುಗಿ ಉಸಿರನ್ನು ಹೊರಗೆ ಬಿಡದೆ ಒಳಕ್ಕೆ ಎಳೆದುಕೊಂಡಿದ್ದಳು. ಹಾಗೆ ಎಳೆದುಕೊಳ್ಳಬೇಕೆಂಬುದು ಇಬ್ಬರಿಗೆ ಮಾತ್ರ ಗೊತ್ತು ಎಂದು ಅವನು ತಿಳಿದಿದ್ದ. ಅವರಲ್ಲಿ ಒಬ್ಬಳು ಹೋಗಿ ಇಪ್ಪತ್ತು ವರ್ಷ.

"ಇದೆಂಥ ತುಳುವಾ ಮಾರಾಯ್ತಿ!" ಜಯಲತಾ ನಕ್ಕರು. "ನಾನು ಹುಟ್ಟಿದ ಮೇಲೆ ಕೇಳಿದ್ದಿಲ್ಲ."

"ಕುಶಲನ ಮನ್ಯಾಗೂ ಹಿಂಗ ನಕ್ಕರು ಕಾಕು. ಅವರ ಅಜ್ಜಿ, ಇದು ಕಾಸರಗೋಡಿನ ಕಡೀದಿರಬೇಕು ಅಂದ್ರು."

ಸಂಗಮೇಶರು ಪಕ್ಕದ ವಿಂಗ್‌ನಲ್ಲಿ ಇನ್ನೊಬ್ಬರಿಗೆ ಪತ್ರಿಕೆ ಕೊಟ್ಟುಬರುತ್ತೇನೆಂದು ಎದ್ದರು. ಜಯಲತಾ ಅವಲಕ್ಕಿ ಒಗ್ಗರಣೆಗೆಂದು ಒಳಗೆ ಹೋದರು. ರಂಜನ್ ಬಾಗಿಲು ಮುಚ್ಚಿ ಬಂದು ಅಶ್ಮಿತಾಳ ಎದುರು ಕೂತ.

"ಅದು ತುಳು ಅಲ್ಲ," ಎಂದ.

"ಮತ್ತ?"

"ನಾವಿಬ್ಬರು ಮಾಡಿದ್ದು. ದಿಶಾ, ನಾನು. ಅಟ್ಟದಲ್ಲಿ ಕೂತು."

ಅಶ್ಮಿತಾ ನಗಲು ಹೋಗಿ, ಅವನ ಮುಖ ನೋಡಿ, ಸೋಫಾದಲ್ಲಿ ಮುಂದಕ್ಕೆ ಸರಿದು ಕೂತಳು.

ಒಂದೇ ಕೋಣೆಯ ಮನೆಯಲ್ಲಿ ಗುಟ್ಟಿಗೆ ಜಾಗವಿರಲಿಲ್ಲ. ಅಡುಗೆಯ ಕಟ್ಟೆಯ ಮೇಲಿನ ಅಟ್ಟದಲ್ಲಿ ಹಾಸಿಗೆ, ಟ್ರಂಕುಗಳ ನಡುವೆ ಮಲಗಿ ಅಣ್ಣತಂಗಿ ಮೂವತ್ತೊಂದು ಅಕ್ಷರ ಕಟ್ಟಿದ್ದರು. ಆಕಾರ ಅವನದು. ದಿವಾ ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುವ ಹಾಗೆ ಒಂದು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನ ಹಾಗೆ ಇನ್ನೊಂದು. ಉಚ್ಚಾರ ಅವಳದು. ಅವಳ ನಾಲಗೆ ರಕಾರಕ್ಕೆ ಹೊರಳುತ್ತಿರಲಿಲ್ಲವಾದ್ದರಿಂದ ಆ ಭಾಷೆಯಲ್ಲಿ ರಕಾರವೇ ಇರಲಿಲ್ಲ. ಲೂಮ್ಸಿ ಇಫಾ ಎಂದರೆ, ನಡುವೆ ಯಾರಾದರೂ ಇದ್ದಾರಾ ಎಂದು. ಪ್ರತಿ ಮಾತಿಗೆ ಮುಂಚೆ ಅದನ್ನು ಕೇಳಿಕೊಳ್ಳಬೇಕಿತ್ತು.

ಅವನಿಗೆ ಹದಿನೈದಾದಾಗ ಒಂದು ದಿನ ದಿವಾ ಪ್ಲಾಟ್‌ಫಾರ್ಮಿನಲ್ಲಿ, ಅವನ ಕ್ಲಾಸಿನ ಹುಡುಗರೆಲ್ಲ ಸುತ್ತ ನಿಂತಿದ್ದಾಗ, ದಿಶಾ ಓಡಿಬಂದು ಅದನ್ನೇ ಕೇಳಿದಳು. ಹುಡುಗರು ಹೋ ಎಂದರು. "ಪಾಗಲ್ ಹೈ ಯೇ," ಎಂದು ಅವನೂ ನಕ್ಕ. ಅಂದಿನಿಂದ ಅವಳು ಎಷ್ಟು ಕೇಳಿದರೂ ಅವನು ಆ ಭಾಷೆಯಲ್ಲಿ ಉತ್ತರಿಸಲಿಲ್ಲ. ಅವಳೂ ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಮಳೆಗಾಲದ ಜ್ವರ ಅವಳ ತಲೆಗೇರಿತು.

"ದೀದಿ ತೀರಿಕೊಂಡ ವರ್ಷಾನೇ ನಂಗ ಕಲಿಸಿದ್ಲು," ಅಶ್ಮಿತಾ ಮೆಲ್ಲಗೆ ಹೇಳಿದಳು. "ನಾ ಎರಡನೇ ಇಯತ್ತೆ. ದಿನಾ ಸಾಲಿಯಿಂದ ಬಂದಕೂಡ್ಲೆ ಕೂಡಿಸ್ಕೋತಿದ್ಲು. ಹೇಳಬಾರದ ಅಂತೇನೂ ಹೇಳಿರಲಿಲ್ಲ ದಾದಾ. ಹಂಗಂದ್ರ ಈಗ ಇದನ್ನ ಮಾತಾಡೋರು..."

"ನೀನು, ನಾನು."

ಅವಳು ಪತ್ರಿಕೆಯ ಲಕೋಟೆಯನ್ನು ಮಗುಚಿ ಪೆನ್ನು ಕೇಳಿದಳು. ಎಡದಿಂದ ಬಲಕ್ಕೆ, ಒಂದೊಂದನ್ನೂ ಮೆಲುದನಿಯಲ್ಲಿ ಉಚ್ಚರಿಸುತ್ತ ಬರೆಯತೊಡಗಿದಳು. ರಂಜನ್ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಳ್ಳಬಾರದಿತ್ತು. ಇಪ್ಪತ್ತೇಳರ ಈ ಹುಡುಗಿಯ ಬಾಯಲ್ಲಿ ದಿಶಾಳ ಮುರಿದ ಮುಂದಿನ ಹಲ್ಲಿನ ಸಂದಿಯಿಂದ ಹಾಯುತ್ತಿದ್ದ ಗಾಳಿಯೂ ಹಾಗೆಯೇ ಉಳಿದಿತ್ತು. ಚಿಕ್ಕವಳು ಅದೂ ಉಚ್ಚಾರವೇ ಎಂದು ತಿಳಿದು ಕಲಿತಿದ್ದಳು.

ಅವನು ಎಣಿಸುತ್ತಿದ್ದ. ಮೂವತ್ತೊಂದಾದ ಮೇಲೂ ಪೆನ್ನು ನಿಲ್ಲಲಿಲ್ಲ. ಕಣ್ಣು ತೆರೆದಾಗ ಕೊನೆಯಲ್ಲಿ ಒಂದು ಕೊಕ್ಕೆ, ಅದರ ಕೆಳಗೆ ಚುಕ್ಕೆ.

"ಇದು ಯಾವುದು? ಇದು ನಮ್ಮದಲ್ಲ."

"ನಿಮಗ ಗೊತ್ತಿಲ್ಲೇನು? ದೀದಿ ಇದನ್ನ ಭಾಳ ಸಲ ತಿದ್ದಿಸಿದ್ಲು. ಕರದ್ರೂ ಓ ಅನ್ನದವರನ್ನ ಕರಿಯೋ ಅಕ್ಷರ. ಹೆಸರಿನ ಮುಂದ ಹಚ್ಚೂದು." ಅವಳು ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಉಸಿರೆಳೆದು, ತಟ್ಟನೆ ಬಿಟ್ಟು ತೋರಿಸಿದಳು. ಕೆಮ್ಮಿಗೂ ಬಿಕ್ಕಿಗೂ ನಡುವಿನ ಸದ್ದು. "ಚಾಳಿನ ಗ್ಯಾಲರಿಯಾಗ ನಿಂತು ದಿನಾ ಸಂಜಿಕ, ಕಾಕು ಒಳಗ ಅಡಿಗಿ ಮಾಡೋ ಹೊತ್ತಿಗೆ, ಅಂತಿದ್ಲು. ಯಾರನ್ನ ಕರೀತಿ ಅಂದ್ರ, ಪ್ರ್ಯಾಕ್ಟಿಸ್ ಅಂತಿದ್ಲು."

ಆ ಸದ್ದನ್ನು ರಂಜನ್ ಒಮ್ಮೆ ಕೇಳಿದ್ದ. ಆಸ್ಪತ್ರೆಯ ಎರಡನೆಯ ದಿನ ಅಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದರು, ನರ್ಸ್ ಪಕ್ಕದಲ್ಲೇ ಇದ್ದಳು. ದಿಶಾ ಅವನ ಕಡೆ ಹೊರಳಿ ಏನೋ ಹೇಳಿದಳು. ಮೊದಲು ಆ ಕೆಮ್ಮು, ಆಮೇಲೆ ಅವನ ಹೆಸರು, ಆಮೇಲೆ ಅವರಿಬ್ಬರ ಮಾತು. ಉಳಿದದ್ದೆಲ್ಲ ಅವನಿಗೆ ಅರ್ಥವಾಗಿತ್ತು. ನಡುವೆ ಯಾರಾದರೂ ಇದ್ದಾರಾ ಎಂದು ಕೇಳಿದ್ದಳು. ಎಲ್ಲರೂ ನೋಡುತ್ತಿದ್ದರು. "ಠೀಕ್ ಸೆ ಬೋಲ್ ನಾ, ದಿಶಾ," ಎಂದಿದ್ದ. ಮಾರನೆಯ ಬೆಳಿಗ್ಗೆ ಅವಳು ಇರಲಿಲ್ಲ. ಇದನ್ನು ಅವನು ಹೆತ್ತವರಿಗೂ ಹೇಳಿರಲಿಲ್ಲ. ಆ ಕೆಮ್ಮನ್ನು ಮಾತ್ರ, ಇಷ್ಟು ವರ್ಷವೂ, ಜ್ವರದ ಕೆಮ್ಮೆಂದೇ ತಿಳಿದಿದ್ದ.

"ಇನ್ನೊಮ್ಮೆ ಹೇಳು," ಎಂದ.

ಅವಳು ಹೇಳಿದಳು. ಅವನು ಪ್ರಯತ್ನಿಸಿದ. ಬರಿಯ ಗಾಳಿ ಬಂತು.

"ಹಂಗಲ್ಲ ದಾದಾ. ನಾಲಿಗಿ ಇನ್ನಾ ಹಿಂದ. ಉಸರು ಎದಿ ತುಂಬೋತನಕ ಬಿಡಬ್ಯಾಡ್ರಿ." ಕಲಿಸಿದವಳ ಅಧಿಕಾರವೂ ಅಶ್ಮಿತಾಳ ದನಿಯೊಳಗೆ ಬಂದು ಕೂತಿತ್ತು. "ಹೆಸರು ಮನಸಿನ್ಯಾಗ ಇಟ್ಕೊಂಡು ಅನ್ರಿ."

ರಂಜನ್ ನಾಲಗೆಯನ್ನು ಹಿಂದಕ್ಕೆ ಮಡಚಿದ. ಎದೆ ತುಂಬ ಉಸಿರೆಳೆದು ಹಿಡಿದು, ಬಿಟ್ಟ. ಈ ಸಲ ಅದು ತಾನಾಗಿ ಬಂದಂತೆ, ಸ್ಪಷ್ಟವಾಗಿ, ಹಾಲ್‌ನಿಂದ ಒಳಗಿನ ತನಕ ಕೇಳುವಷ್ಟು ಗಟ್ಟಿಯಾಗಿ ಬಂತು.

"ಬತ್ತೆ ದಿಶಾ, ಬತ್ತೆ," ಎಂದು ಅಡುಗೆಮನೆಯಿಂದ ಜಯಲತಾ ಓಗೊಟ್ಟರು.

ಸೌಟಿನ ಸದ್ದು ಇನ್ನೆರಡು ಸಲ ಕೇಳಿಸಿ ನಿಂತಿತು. ಒಗ್ಗರಣೆ ಸೀಯುವ ವಾಸನೆ ನಿಧಾನವಾಗಿ ಹಾಲ್‌ಗೆ ಹರಡಿತು. ಒಳಗಾಗಲಿ ಹೊರಗಾಗಲಿ ಯಾರೂ ಕದಲಲಿಲ್ಲ.