ನೀರು ಬಾರದ ಹೊಲದ ಪರಿಹಾರ

ಪದ್ಮವ್ವನ ಎರಡೆಕರೆ ಇರುವುದು ಊರ ಮೇಲಿನ ಮಡ್ಡಿಯಲ್ಲಿ, ಎತ್ತರದ ಒಣ ನೆಲದಲ್ಲಿ. ಎರಡು ಸಲ ಬೋರು ಕೊರೆಸಿದರೂ ಅಲ್ಲಿ ಹಸಿ ಮಣ್ಣು ಕಂಡಿರಲಿಲ್ಲ. ಹೀಗಾಗಿ ಘಟಪ್ರಭೆಯ ನೆರೆ ಇಳಿದ ಮೇಲೆ, ಬೆಳೆಹಾನಿ ಪರಿಹಾರವೆಂದು ಹದಿಮೂರು ಸಾವಿರದ ಆರುನೂರು ರೂಪಾಯಿ ತನ್ನ ಖಾತೆಗೆ ಬಿದ್ದಾಗ ಅವಳು ಬ್ಯಾಂಕಿನವರೇ ತಪ್ಪಿದ್ದಾರೆಂದುಕೊಂಡಳು.

ತಪ್ಪು ಬ್ಯಾಂಕಿನದಲ್ಲ. ಪಂಚಾಯ್ತಿ ಗೋಡೆಗೆ ಅಂಟಿಸಿದ ಯಾದಿಯಲ್ಲಿ ಮೂವತ್ನಾಲ್ಕನೇ ಸರ್ವೆ ನಂಬರು ನಲವತ್ಮೂರಾಗಿತ್ತು. ನಲವತ್ಮೂರು ಪದ್ಮವ್ವನದು, ಮೂವತ್ನಾಲ್ಕು ಹೊಳೆದಂಡೆಯ ಅಣ್ಣಾಸಾಹೇಬನದು. ಅವನ ಕಬ್ಬು ಒಂಬತ್ತು ದಿನ ನೀರಲ್ಲಿ ನಿಂತು ಕೊಳೆತಿತ್ತು. ಯಾದಿಯನ್ನು ಎರಡು ಸಲ ಓದಿ ಅವನು ಮನೆಗೆ ಹೋದನೆಂದು ಪದ್ಮವ್ವನ ಕಿವಿಗೆ ಬಿತ್ತು.

ಮರುದಿನ ಬಸ್ಸು ಹತ್ತಿ ಮುಧೋಳದ ತಾಲೂಕು ಕಚೇರಿಗೆ ಹೋದಳು. ಪರಿಹಾರದ ಕೆಲಸ ನೋಡುತ್ತಿದ್ದ ಗುಮಾಸ್ತ ಅಜಯ ಒಳ್ಳೆಯವನೇ. ಕುರ್ಚಿ ಕೊಟ್ಟು ಕೂರಿಸಿದ.

"ಈ ರೊಕ್ಕ ನಂದಲ್ರಿ. ವಾಪಸ್ ತಗೋರಿ," ಎಂದಳು.

"ರೊಕ್ಕ ಬೇಕು ಅನ್ನಾಕ ಅರ್ಜಿ ಐತ್ರಿ ಅವ್ವಾರ. ಬ್ಯಾಡ ಅನ್ನಾಕ ಇಲ್ಲ," ಎಂದ ಅಜಯ. ಸ್ವಲ್ಪ ಯೋಚಿಸಿ, "ಇದರಾಗ ಬರೀರಿ. ಸಾಹೇಬ್ರು ನೋಡ್ತಾರ," ಎಂದು ಪರಿಹಾರ ಕೋರುವ ಅರ್ಜಿಯನ್ನೇ ಕೈಗಿಟ್ಟ. ಅವಳು ಕೆಳಗಿನ ಖಾಲಿ ಜಾಗದಲ್ಲಿ, ನನ್ನ ಹೊಲಕ್ಕೆ ನೀರು ಬಂದಿಲ್ಲ ಎಂದು ಬರೆದು ಸಹಿ ಮಾಡಿದಳು.

ವಾರದೊಳಗೆ ಜೀಪು ಬಂತು. ಊರ ಜಮೀನಿನ ಲೆಕ್ಕ ಇಡುವ ತಲಾಠಿ, ಮತ್ತಿಬ್ಬರು ಮಡ್ಡಿ ಹತ್ತಿ, ನೀರು ಬಂದಿಲ್ಲವೆಂಬುದನ್ನು ನಾಲ್ಕೂ ಮೂಲೆಗಳಿಂದ ಮೊಬೈಲಿನಲ್ಲಿ ಫೋಟೊ ತೆಗೆದರು. ಅಣ್ಣಾಸಾಹೇಬ ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ಬಂದ.

"ಸಾಹೇಬ್ರ, ನಂದೂ ಒಂದೀಟು ನೋಡಿ ಹೋಗ್ರಿ. ಇಲ್ಲೇ ಕೆಳಗೈತಿ."

"ಅಲ್ಲಿ ಕೆಸರೈತಿ, ಜೀಪು ಹುಗೀತೈತಿ," ಎಂದ ತಲಾಠಿ. "ಅಲ್ಲದ ಈ ಅರ್ಜ್ಯಾಗ ನಿಮ್ಮ ಹೊಲ ಇಲ್ಲ."

ಹದಿನೈದು ದಿನಕ್ಕೆ ಪದ್ಮವ್ವನಿಗೆ ಪತ್ರ ಬಂತು. ಸ್ಥಳ ಪರಿಶೀಲನೆಯಲ್ಲಿ ಹಾನಿ ಕಂಡುಬರದ ಕಾರಣ ಪರಿಹಾರ ಕೋರಿದ ಆಕೆಯ ಅರ್ಜಿಯನ್ನು ತಿರಸ್ಕರಿಸಲಾಗಿತ್ತು. ಖಾತೆಯಲ್ಲಿ ಕೂತಿದ್ದ ಹಣದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಅವಳು ಹಣವನ್ನೆಲ್ಲ ಬಿಡಿಸಿಕೊಂಡು ಅಣ್ಣಾಸಾಹೇಬನ ಕಟ್ಟೆಯ ಮೇಲೆ ಇಟ್ಟಳು.

"ಏನವ್ವಾ ಇದು? ನಾ ಯಾರ ಕಡೆನೂ ಕೈ ಒಡ್ಡಿಲ್ಲ," ಎಂದ ಅವನು, ಮುಖ ತಿರುಗಿಸಿ.

"ನಿಂದ ನಿನಗ ಕೊಡಾಕತ್ತೇನಿ ಅಣ್ಣಾ. ನನಗ ಪರಿಹಾರ ಇಲ್ಲ ಅಂತ ಸರಕಾರನ ಬರದ ಕೊಟ್ಟೈತಿ, ನೋಡು." ಅವಳು ಪತ್ರ ಮುಂದೆ ಹಿಡಿದಳು.

ಅವನು ಓದಿದ. ನೆರೆ ಬಂದಾಗಿನಿಂದ ಆ ಮನೆಯಲ್ಲಿ ಕೇಳದಿದ್ದ ನಗು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ ಬಂತು. ಒಳಗಿದ್ದ ಹೆಂಡತಿ ಸಾತವ್ವ ಗಾಬರಿಯಾಗಿ ಹೊರಗೆ ಬಂದಳು. ಹಣ ಒಳಗೆ ಹೋಯಿತು, ಚಹಾ ಹೊರಗೆ ಬಂತು. ಆ ಹಣದಿಂದಲೇ ಅವನು ಕೊಳೆತ ಕಬ್ಬು ಕಡಿಸಿ, ಹೊಲ ಹಸನು ಮಾಡಿ, ಕಡಲೆ ಬಿತ್ತಿದ.

ಕಡಲೆ ಗೇಣುದ್ದವಾದಾಗ, ಯಾದಿ ನೋಡಿದ ವಾರದಲ್ಲೇ ಅವನು ಕಚೇರಿಗೆ ಕೊಟ್ಟಿದ್ದ ತಕರಾರು ಅರ್ಜಿಗೂ ಕೊನೆಗೆ ಜೀವ ಬಂತು. ನಂಬರು ತಿದ್ದುತ್ತೇವೆ, ಇದೇ ಹಾನಿಗೆ ಬೇರೆಲ್ಲಿಂದಲೂ ಹಣ ಬಂದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಿ ಎಂದರು ಕಚೇರಿಯವರು. ಅಣ್ಣಾಸಾಹೇಬ ಕಾಗದ ಹಿಡಿದು ಪದ್ಮವ್ವನ ಹತ್ತಿರ ಬಂದ.

"ಏನ ಬರೀಲಿ?"

"ಸುಳ್ಳು ಬರದು ರೂಢಿ ಐತೇನು ನಿನಗ?"

"ಇಲ್ಲ."

"ಹಂಗಾದ್ರ ಖರೆ ಬರಿ."

ಹಣ ಪದ್ಮವ್ವನ ಕೈಯಿಂದ ಪೂರ್ತಿ ಮುಟ್ಟಿದೆ ಎಂದು ಅವನು ಬರೆದುಕೊಟ್ಟ. ಕಚೇರಿಯವರು ಆ ಕಾಗದವನ್ನು ಬಹಳ ಹೊತ್ತು ತಿರುವಿ ನೋಡಿದರಂತೆ. ಸರ್ಕಾರದ ಪರಿಹಾರವನ್ನು ಒಬ್ಬ ರೈತ ಮಹಿಳೆ ಹಂಚುವುದು ಯಾವ ನಿಯಮದಡಿ ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಡೆಗೆ ಅಜಯ ಫೈಲಿನ ಮೇಲೆ 'ಇತ್ಯರ್ಥವಾಗಿದೆ' ಎಂದು ಬರೆದು ಕಪಾಟಿಗೆ ಸೇರಿಸಿದ. ಆ ವರ್ಷ ತಾಲೂಕಿನಲ್ಲಿ ಯಾರ ತಕರಾರೂ ಉಳಿಯದೆ ಮುಗಿದ ಪ್ರಕರಣ ಅದೊಂದೇ ಎಂದು ಅವನೇ ಯಾರ ಮುಂದೆಯೋ ಹೇಳಿದನಂತೆ.