ವಾರಿಜಳ ಕೈಯ ಅಡಕತ್ತರಿ

ನಾನು ಒಂದು ಅಡಕತ್ತರಿ. ಎಲೆಯಡಿಕೆ ತಟ್ಟೆಯಲ್ಲಿ ಮಲಗಿ, ನೆಂಟರು ಬಂದಾಗ ಮಾತ್ರ ಬಾಯಿ ತೆರೆಯುವ ಅಡಕತ್ತರಿ ಎಂದುಕೊಳ್ಳಬೇಡಿ. ನಾನು ಗೇರುಬೀಜ ಕತ್ತರಿಸಿ ಬದುಕಿದ್ದು. ಅಡಿಕೆಯನ್ನು ಯಾರು ಬೇಕಾದರೂ ಕತ್ತರಿಸಬಹುದು. ಗೇರುಬೀಜದ ಸಿಪ್ಪೆಯನ್ನು ಸೀಳಬೇಕು, ಒಳಗಿನ ತಿರುಳಿಗೆ ಗಾಯವಾಗಬಾರದು. ಅದಕ್ಕೆ ಬಾಯಿ ಹರಿತವಿದ್ದರೆ ಸಾಲದು, ಹಿಡಿದ ಕೈಗೂ ಬುದ್ಧಿ ಇರಬೇಕು.

ನನ್ನನ್ನು ಮಾಡಿದ್ದು ಸಾಣೂರಿನ ಬೂಬ ಆಚಾರಿ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ನನ್ನ ಬಾಯಿ ಮಾಡಿದ. ಕೊಂಡವಳು ಕಲ್ಯಾಣಿ. ಹೆಬ್ರಿ ದಾರಿಯ ಗೇರುಬೀಜದ ಕಾರ್ಖಾನೆಯಲ್ಲಿ ಅವಳು ಸಿಪ್ಪೆ ಒಡೆಯುವ ಕೆಲಸಕ್ಕಿದ್ದಳು. ಮೂರು ವರ್ಷ ಅವಳ ಸೊಂಟದ ಚೀಲದಲ್ಲಿದ್ದು ಅಡಿಕೆ ಕತ್ತರಿಸಿದೆ. ಆ ಮೂರು ವರ್ಷದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಒಂದು ದಿನ ಮಾದರಿ ನೋಡುವ ಕೋಣೆಯಲ್ಲಿ ಕತ್ತಿಯ ಹಿಡಿ ಮುರಿಯಿತು. ಬಂದ ಗೋಣಿಗಳಿಂದ ಒಂದಿಷ್ಟು ಬೀಜ ತೆಗೆದು, ಕತ್ತರಿಸಿ, ಒಳಗೆ ಒಳ್ಳೆಯದೆಷ್ಟು, ಪೊಳ್ಳೆಷ್ಟು ಎಂದು ನೋಡುವ ಕೋಣೆ ಅದು. ಕಲ್ಯಾಣಿ ನನ್ನನ್ನು ತೆಗೆದುಕೊಟ್ಟಳು. ಹಸಿ ಬೀಜದ ಸಿಪ್ಪೆಯಲ್ಲಿ ಕಪ್ಪು ಎಣ್ಣೆಯೊಂದಿದೆ, ತಾಗಿದಲ್ಲಿ ಚರ್ಮ ಸುಡುತ್ತದೆ. ಅದನ್ನು ಕುಡಿದ ನಾನು ಮತ್ತೆ ಯಾರ ಎಲೆಯಡಿಕೆಗೂ ಆಗದವನಾದೆ. ಬೇಸರವಾಯಿತೇ ಎಂದರೆ, ಇಲ್ಲ. ಆ ಕೋಣೆಯ ಮೇಜಿನ ಮೇಲೆ ನನಗೊಂದು ಜಾಗ ಸಿಕ್ಕಿತು.

ಕಲ್ಯಾಣಿಯ ನಂತರ ಅವಳ ಮಗಳು ವಾರಿಜಳ ಕೈಗೆ ಬಂದೆ. ಇಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ. ಗೋಣಿಯ ಮೇಲಿನಿಂದ, ನಡುವಿನಿಂದ, ತಳದಿಂದ ಅವಳು ಬೀಜ ತೆಗೆಯುವಳು. ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, ಅದನ್ನು ಮತ್ತೆ ನಾಲ್ಕು ಮಾಡಿ, ಕೊನೆಗೆ ಒಂದು ಕಿಲೋ ಉಳಿಸುವಳು. ಆಮೇಲೆ ನನ್ನ ಬಾಯಿಗೆ ಒಂದೊಂದಾಗಿ ಕೊಡುವಳು. ಅರ್ಧ ಕತ್ತರಿಸುವ ಮೊದಲೇ, ನನ್ನ ಹಿಡಿ ಅದುರುವುದರಿಂದಲೇ, ಬೀಜ ಪೊಳ್ಳೋ ಗಟ್ಟಿಯೋ ಅವಳಿಗೆ ತಿಳಿಯುತ್ತಿತ್ತು.

ನಮ್ಮಲ್ಲಿಗೆ ಹೆಚ್ಚು ಬೀಜ ಬರುತ್ತಿದ್ದದ್ದು ಗಿನಿ ಬಿಸಾವಿನಿಂದ. ಪಶ್ಚಿಮ ಆಫ್ರಿಕದ ಪುಟ್ಟ ದೇಶ ಅದು. ಖರೀದಿಗೆ ಹೋಗುತ್ತಿದ್ದವನು ಧಣಿ ಮುಕುಂದ ಕಾಮತರ ಅಕ್ಕನ ಮಗ ಯಶವಂತ. ಕೆಟ್ಟವನೇನಲ್ಲ, ಆದರೆ ಗೋಣಿಯ ಬಾಯಿ ನೋಡಿ ಒಪ್ಪಿಕೊಂಡು ಬರುವ ಮನುಷ್ಯ. ಒಂದು ವರ್ಷ ಬಂದ ಹಡಗಿನ ಮಾಲಿನಲ್ಲಿ ಮೂರಕ್ಕೊಂದು ಬೀಜ ಪೊಳ್ಳು. ನೂರಿಪ್ಪತ್ತು ಹೆಂಗಸರಿಗೆ ಎರಡು ತಿಂಗಳು ಕೆಲಸ ಇರಲಿಲ್ಲ. ಇನ್ನೊಂದು ವರ್ಷ ಹೀಗಾದರೆ ಬಾಗಿಲು ಹಾಕಬೇಕು ಎಂದು ಧಣಿ ಎಲ್ಲರೆದುರೇ ಹೇಳಿದರು. ಆಮೇಲೆ ನಮ್ಮ ಕೋಣೆಗೆ ಬಂದರು.

"ವಾರಿಜಾ, ಈ ಸಲ ನೀನು ಹೋಗ್ಬೇಕು. ಯಶವಂತ ಜೊತೆಗೆ ಬರ್ತಾನೆ. ಬೀಜ ನೋಡುದು ಮಾತ್ರ ನೀನೇ."

"ಎಲ್ಲಿಗೆ ಧಣಿ?"

"ಬಿಸಾವಿಗೆ."

ವಾರಿಜ ನನ್ನನ್ನು ಮೇಜಿನ ಮೇಲಿಟ್ಟಳು. ಮಂಗಳೂರು, ಧರ್ಮಸ್ಥಳ ಬಿಟ್ಟರೆ ಅವಳು ಎಲ್ಲಿಗೂ ಹೋದವಳಲ್ಲ.

"ಅಲ್ಲಿಯ ಮಣ್ಣು ನಂಗೆ ಗೊತ್ತುಂಟು ಧಣಿ," ಎಂದಳು. "ಗೋಣಿಯ ತಳದಲ್ಲಿ ಇರ್ತದಲ್ಲ, ನಮ್ಮ ಹಾಗೇ ಕೆಂಪು. ಊಟಕ್ಕೆ ಎಂತ ಉಂಟು ಅಲ್ಲಿ?"

"ಅವರೂ ಅನ್ನ ಮೀನು ತಿನ್ನುವವರೇ ಮಾರಾಯ್ತಿ."

"ಹಾಗಾದ್ರೆ ಅಡ್ಡಿಲ್ಲ."

ತಯಾರಿ ಶುರುವಾಯಿತು. ಏಪ್ರಿಲ್ ಕೊನೆಗೆ ಅಲ್ಲಿ ಬೀಜ ಉದುರಿ ರಾಶಿ ಬೀಳುತ್ತದೆ, ಅಷ್ಟರೊಳಗೆ ಮುಟ್ಟಬೇಕು. ಆಗಿನ್ನೂ ಜನವರಿ. ಮೊದಲು ಪಾಸ್‌ಪೋರ್ಟ್. ಆ ಕಚೇರಿಯೊಳಗೆ ನನ್ನಂಥವರನ್ನು ಬಿಡುವುದಿಲ್ಲವಂತೆ, ಹಾಗಾಗಿ ನಾನು ಹೋಗಲಿಲ್ಲ. ಮಾರನೆಯ ದಿನ ವಾರಿಜ ಸಪ್ಪೆ ಮೋರೆ ಮಾಡಿಕೊಂಡು ಬಂದು ಧಣಿಗಳಿಗೆ ಹೇಳಿದ್ದನ್ನು ಕೇಳಿಸಿಕೊಂಡೆ.

"ಬೆರಳಿನ ಅಚ್ಚು ಬರುದಿಲ್ಲ ಧಣಿ. ಹತ್ತೂ ಬೆರಳು ಇಟ್ಟೆ. ಒರೆಸಿ ಇಡಿ ಅಂದ್ರು, ಒತ್ತಿ ಇಡಿ ಅಂದ್ರು. ಆ ಮೆಷಿನಿಗೆ ನನ್ನ ಕೈಯಲ್ಲಿ ಒಂದು ಗೆರೆ ಕಾಣುದಿಲ್ಲ. ಪಾಪ, ಮೆಷಿನಿನ ಹತ್ರ ಕೂತ ಹುಡುಗಿ ಒಳ್ಳೆಯವಳು. ಕೈಗೆ ಎರಡು ತಿಂಗಳು ರೆಸ್ಟ್ ಕೊಟ್ಟು ಬನ್ನಿ ಅಮ್ಮಾ ಅಂದ್ಳು."

ಇಪ್ಪತ್ತೇಳು ವರ್ಷ ನಾನು ಸೀಳಿದ ಪ್ರತಿ ಬೀಜದ ಎಣ್ಣೆಯೂ ಅವಳ ಬೆರಳಿಗೆ ಹರಿದಿತ್ತು. ಸುಟ್ಟು, ಸುಲಿದು, ಮತ್ತೆ ಸುಟ್ಟು, ತುದಿಗಳು ಒನಕೆಯ ಹಾಗೆ ನುಣುಪಾಗಿದ್ದವು. ನಾನು ಅದನ್ನು ದಿನಾ ಕಂಡಿದ್ದೆ. ಅದೊಂದು ತೊಂದರೆಯಾದೀತು ಎಂದು ಒಮ್ಮೆಯೂ ಅನಿಸಿರಲಿಲ್ಲ. ಆವತ್ತು ನನ್ನ ಬಾಯಿಯ ಬಗ್ಗೆ ನನಗೇ ನಾಚಿಕೆಯಾಯಿತು.

"ಬೇರೆಯವರನ್ನು ಕಳಿಸುವ ಮಾಮ," ಎಂದ ಯಶವಂತ. "ವಾರಿಜಕ್ಕ ಕಲಿಸಿಕೊಡ್ಲಿ. ಬೆರಳು ಬಾರದಿದ್ರೆ ನಾವು ಎಂತ ಮಾಡ್ಲಿಕ್ಕಾಗ್ತದೆ?"

"ಬೆರಳಲ್ಲಿ ಗೆರೆ ಇದ್ದವರಿಗೆ ಬೀಜ ಗೊತ್ತಿಲ್ಲ ಮಾರಾಯ. ಬೀಜ ಗೊತ್ತಿದ್ದವರಿಗೆ ಗೆರೆ ಇಲ್ಲ. ನಾನು ಯಾರನ್ನು ಕಳಿಸ್ಲಿ?" ಎಂದು ಧಣಿ ವಾರಿಜಳ ಕಡೆ ತಿರುಗಿದರು. "ನಾಳೆಯಿಂದ ನೀನು ಬೀಜ ಮುಟ್ಟುವ ಹಾಗಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ನನ್ನನ್ನು ಲಲಿತ ಎಂಬವಳಿಗೆ ಕೊಟ್ಟರು. ಒಳ್ಳೆಯ ಹೆಂಗಸು, ಆದರೆ ನನ್ನನ್ನು ಕಟ್ಟಿಗೆ ಸೀಳುವ ಕೊಡಲಿ ಎಂದು ತಿಳಿದಿದ್ದಳು. ವಾರಿಜ ಹೊಸಿಲ ಆಚೆ ಸ್ಟೂಲ್ ಹಾಕಿಕೊಂಡು, ಎರಡೂ ಕೈ ಕಂಕುಳಲ್ಲಿಟ್ಟು ಕೂರುತ್ತಿದ್ದಳು. "ಅಯ್ಯೋ ದೇವರೇ, ತಿರುಳಿಗೆ ತಾಗಿತಲ್ಲ! ಬೆನ್ನು ಹಿಡ್ದು ಒತ್ತು, ಹೊಟ್ಟೆ ಅಲ್ಲ!" ಎಂದು ಕೂಗುತ್ತಿದ್ದಳು. ದಿನಕ್ಕೆ ಮೂರು ಸಲ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳು ಒಳಗೆ ಬಂದು ನನ್ನನ್ನು ಎತ್ತಿಕೊಂಡಳು. ಒಂದು ಬೀಜವನ್ನು ನನ್ನ ಬಾಯಿಗಿಟ್ಟಳು. ಆ ಹಿಡಿತ ಸಿಕ್ಕಿದ್ದೇ ತಡ, ನನಗೆ ಜೀವ ಬಂದಂತಾಯಿತು. ಒತ್ತು ಎಂದು ನಾನೇ ಕೂಗುತ್ತಿದ್ದೆ, ಮಾತು ಬರುವ ಬಾಯಿದ್ದರೆ ತಾನೇ. ಅವಳು ಒತ್ತಲಿಲ್ಲ. ಬೀಜವನ್ನು ರಾಶಿಗೆ ಹಾಕಿ, ನನ್ನನ್ನು ಒರೆಸಿ ಇಟ್ಟು, ಬಾವಿಕಟ್ಟೆಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ನನಗಿಂತ ಗಟ್ಟಿ ಅವಳು.

ಮಾರ್ಚ್ ಮಧ್ಯದಲ್ಲಿ ಮತ್ತೆ ಹೋದಳು. ಸಂಜೆ ಬಸ್ಸಿಳಿದು ನೇರ ಕಾರ್ಖಾನೆಗೇ ಬಂದು, ಹತ್ತು ಬೆರಳನ್ನೂ ಧಣಿಗಳ ಮುಖದೆದುರು ಬಿಡಿಸಿ ಹಿಡಿದಳು.

"ಬಂತು ಧಣಿ! ಹತ್ತಕ್ಕೆ ಹತ್ತೂ ಬಂತು!"

ಸಿಪ್ಪೆ ಒಡೆಯುವ ಹೆಂಗಸರೆಲ್ಲ ಎದ್ದು ಬಂದು ಅವಳ ಬೆರಳು ನೋಡಿದರು. ಸಣ್ಣ ಸಣ್ಣ ಗೆರೆಗಳು, ಎಳೆ ಮಗುವಿನ ಕೈಯಲ್ಲಿರುವಂಥವು. ಆಮೇಲೆ ಹಳದಿ ಜ್ವರದ ಚುಚ್ಚುಮದ್ದು, ಸೊಳ್ಳೆಪರದೆ, ಮಲೇರಿಯ ಮಾತ್ರೆ, ಎರಡು ಕಿಲೋ ಕುಚ್ಚಲಕ್ಕಿ, ಒಂದು ಭರಣಿ ಮಾವಿನ ಉಪ್ಪಿನಕಾಯಿ. ನನ್ನನ್ನು ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲಿ ತೆಗೆದಿಡುತ್ತಾರೆ ಎಂದು ಯಶವಂತ ಹೆದರಿಸಿದ. ಅವಳು ನನ್ನನ್ನು ಮೈ ಒರೆಸುವ ಹಳೇ ಬೈರಾಸಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಟ್ಟಳು. ಆಕಾಶವನ್ನು ನಾನು ನೋಡಲಿಲ್ಲ. ಅಕ್ಕಿಯ ವಾಸನೆಯಲ್ಲೇ ಆಫ್ರಿಕ ತಲುಪಿದೆ.

ಈಗ ನನಗೆ ವಯಸ್ಸಾಗಿದೆ. ನಡುವಿನ ಮೊಳೆ ಸಡಿಲಾಗಿ, ಮಾದರಿ ಕೋಣೆಯ ಕಿಟಕಿಯಲ್ಲಿ ಕೂತಿದ್ದೇನೆ. ಮೇಜಿನ ಮೇಲೆ ಹೊಳೆಯುವ ಹೊಸ ಕಟ್ಟರ್ ಬಂದಿದೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ. ಆದರೆ ಬಿಸಾವಿನ ಆ ಹನ್ನೆರಡು ದಿನಗಳನ್ನು ಅದು ಎಲ್ಲಿಂದ ತಂದೀತು?

ಮೊದಲ ದಿನ ಗೋದಾಮಿನಲ್ಲಿ ಹತ್ತಿಪ್ಪತ್ತು ಹೆಂಗಸರು ಬೀಜ ಆರಿಸುತ್ತಿದ್ದರು. ಅವರ ಮುಖ್ಯಸ್ಥೆ ಡೊಮಿಂಗಾಸ್, ತಲೆಗೆ ಹೂವಿನ ಬಟ್ಟೆ ಕಟ್ಟಿದ ದಪ್ಪ ಹೆಂಗಸು. ಬೀಜ ನೋಡಲು ಬಂದವಳು ಇವಳು ಎಂದಾಗ, ಡೊಮಿಂಗಾಸ್ ವಾರಿಜಳ ಕೈ ಹಿಡಿದು ಮಗುಚಿ ನೋಡಿದಳು. ಏನೋ ಅಂದಳು. ಹೆಂಗಸರೆಲ್ಲ ನಕ್ಕರು.

"ಎಂತ ಹೇಳಿದ್ದು?" ಎಂದು ವಾರಿಜ ಕೇಳಿದಳು.

ಯಶವಂತ ತಡವರಿಸಿದ. "ಇದು ಬೀಜ ಮುಟ್ಟಿದ ಕೈ ಅಲ್ಲ ಅಂತೆ ವಾರಿಜಕ್ಕ."

ಎರಡು ತಿಂಗಳು ಕಾದು ಬೆಳೆಸಿದ ಚರ್ಮ. ಅವಳ ಮುಖ ಕೆಂಪಾಯಿತು. ಒಂದು ಗೋಣಿಯನ್ನು ಬೋರಲು ಸುರಿಸಿದಳು, ತಳದ ಬೀಜ ಮೇಲೆ ಬಂತು. ಬೈರಾಸು ಬಿಚ್ಚಿ ನನ್ನನ್ನು ತೆಗೆದಳು. ನಾಲ್ಕು ಬೀಜ ಕತ್ತರಿಸಿ, ಮೂಸಿ, ಬದಿಗಿಟ್ಟಳು. "ಇದು ಹೋದ ವರ್ಷದ್ದು. ಮೇಲೆ ಮಾತ್ರ ಹೊಸತು ಹಾಕಿದ್ದಾರೆ. ಬೇಡ." ಮುಂದಿನ ಗೋಣಿ. ಕಪ್ಪು ಎಣ್ಣೆ ನನ್ನ ಬಾಯಿಂದ ಅವಳ ಹೊಸ ಬೆರಳಿಗೆ ಹರಿಯಿತು. ಉರಿಯುತ್ತಿರಬೇಕು, ಕೈ ಮಾತ್ರ ನಿಲ್ಲಲಿಲ್ಲ. ನಗು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಡೊಮಿಂಗಾಸ್ ತನ್ನ ಮಣೆಯನ್ನು ಎಳೆದುಕೊಂಡು ನಮ್ಮ ಪಕ್ಕದಲ್ಲೇ ಕೂತಿದ್ದಳು.

ಹನ್ನೆರಡನೆಯ ದಿನ ಆರಿಸಿದ ಮಾಲಿನ ಕಾಗದ ಬಂತು. ಕೆಳಗೆ ಪರೀಕ್ಷಿಸಿದವರ ಸಹಿ ಬೇಕು. ಯಶವಂತ ಅಭ್ಯಾಸದಂತೆ ಪೆನ್ನು ತೆರೆದ. ಒಂದು ಕ್ಷಣ ನಿಂತು, ಅದನ್ನು ವಾರಿಜಳ ಕಡೆ ಚಾಚಿದ. ಅವಳು ಕಾಗದವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಬರೆದಳು: ವಾರಿಜ ಪೂಜಾರ್ತಿ. ಕೈ ತೆಗೆದಾಗ ಹೆಸರಿನ ಪಕ್ಕದಲ್ಲಿ ಹೆಬ್ಬೆರಳಿನ ಗುರುತು ಉಳಿದಿತ್ತು, ಕಪ್ಪಗೆ, ದುಂಡಗೆ, ಒಂದು ಗೆರೆಯೂ ಇಲ್ಲದೆ.